ಎಸ್.ಪಿ. ರಸ್ತೆಯಲ್ಲಿ ಒಂದು ಹಗಲು

ಬೆಂಗಳೂರಿಗೆ ಪ್ರವಾಸ ಹೋದವರು ಲಾಲ್‌ಬಾಗ್ ಸುತ್ತುತ್ತಾರೆ, ವಿಧಾನಸೌಧದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. 2024ರ ಮೇ ತಿಂಗಳ ಒಂದು ಮಂಗಳವಾರ ನಾನೂ ನನ್ನ ಮಗನೂ ತಿಪಟೂರಿನಿಂದ ಬೆಳಗಿನ ರೈಲು ಹತ್ತಿ ಹೋದದ್ದು ಮಾತ್ರ ಪ್ರವಾಸಿಗರು ಯಾರೂ ಹುಡುಕಿಕೊಂಡು ಹೋಗದ ಒಂದು ಇಕ್ಕಟ್ಟಿನ ಬೀದಿಗೆ. ಅದರ ಪೂರ್ಣ ಹೆಸರು ಸಾದರ ಪತ್ರಪ್ಪ ರಸ್ತೆ. ಪುರಭವನಕ್ಕೂ ಕೆ.ಆರ್. ಮಾರುಕಟ್ಟೆಗೂ ಸಮೀಪದಲ್ಲಿ, ಹಳೆಯ ಪೇಟೆಯ ಮಗ್ಗುಲಲ್ಲೇ ಇರುವ ಈ ಬೀದಿಯನ್ನು ಜನ ಕರೆಯುವುದು ಎಸ್.ಪಿ. ರೋಡ್ ಎಂದು. ರಾಜ್ಯದ ಯಾವ ಮೂಲೆಯಲ್ಲಿ ರೇಡಿಯೊ ಕೆಟ್ಟರೂ, ಕಂಪ್ಯೂಟರ್ ಕೆಟ್ಟರೂ ರಿಪೇರಿ ಮಾಡುವವರ ಬಾಯಲ್ಲಿ ಮೊದಲು ಬರುವ ಹೆಸರು ಅದು.

ನಾವು ಹೊರಟಿದ್ದು ಒಂದು ಕಂಪ್ಯೂಟರಿನ ಬಿಡಿಭಾಗಗಳನ್ನು ಕೊಳ್ಳಲು. ಅದೂ ಎಂಥ ಕಂಪ್ಯೂಟರ್? ಆಟ ಆಡುವ ಕಂಪ್ಯೂಟರ್! ಮೂವತ್ತು ವರ್ಷ ಮಕ್ಕಳಿಗೆ ‘ಆಟ ಸಾಕು, ಪುಸ್ತಕ ಹಿಡಿ’ ಎಂದು ಹೇಳುತ್ತ ಬಂದ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು ಇಂಥ ಕೆಲಸಕ್ಕೆ ಹೊರಟಿದ್ದೇಕೆ ಎಂದು ನೀವು ಕೇಳಬಹುದು. ಕಾರಣ ಸರಳ. ನಾನು ಮಾತು ಕೊಟ್ಟಿದ್ದೆ.

ಮಗ ಪಿಯುಸಿಗೆ ಸೇರಿದ ವರ್ಷ, ‘ಪರೀಕ್ಷೆ ಮುಗಿಯಲಿ, ಕಂಪ್ಯೂಟರ್ ಕೊಡಿಸುತ್ತೇನೆ’ ಎಂದಿದ್ದೆ. ಇಂತಿಷ್ಟು ಅಂಕ ಬಂದರೆ ಎಂಬ ಷರತ್ತನ್ನು ಆಗ ಹಾಕಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ವಿಜ್ಞಾನ ಕಲಿಸುವವನ ಮಗನಿಗೆ ಭೌತಶಾಸ್ತ್ರದಲ್ಲೇ ಎಲ್ಲಕ್ಕಿಂತ ಕಡಿಮೆ. ಅಂದು ನಾನು ಅವನಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವನು ತಿರುಗಿ ಮಾತಾಡಲಿಲ್ಲ, ತಟ್ಟೆ ಎತ್ತಿಟ್ಟು ಎದ್ದುಹೋದ. ಮೊದಲೇ ನಮ್ಮಿಬ್ಬರ ನಡುವೆ ಮಾತು ಕಡಿಮೆ. ಎರಡು ವರ್ಷಗಳಲ್ಲಿ ಅವನು ನನ್ನೊಡನೆ ಆಡಿದ್ದನ್ನೆಲ್ಲ ಬರೆದರೆ ನೋಟ್‌ಬುಕ್ಕಿನ ಒಂದು ಪುಟ ತುಂಬುತ್ತಿರಲಿಲ್ಲ. ಆ ದಿನದಿಂದ ಅದೂ ನಿಂತಿತು.

ಏಪ್ರಿಲ್ 26ರ ಲೋಕಸಭಾ ಚುನಾವಣೆಯ ಕರ್ತವ್ಯ ಮುಗಿಸಿ ಮನೆಗೆ ಬಂದ ನನಗೆ ನನ್ನಾಕೆ ಚೀಟಿ ಎತ್ತಿದ 70 ಸಾವಿರ ರೂಪಾಯಿ ತೋರಿಸಿದಳು. ತಾರಸಿ ಸೋರುವುದನ್ನು ಸರಿಪಡಿಸಲೆಂದು ಇಟ್ಟ ಹಣ ಅದು. ‘ತಾರಸಿ ಇನ್ನೊಂದು ಮಳೆಗಾಲ ಸೋರಿದರೆ ಬಕೆಟ್ ಇಡಬಹುದು ಕಣ್ರೀ. ಕೊಟ್ಟ ಮಾತು ಸೋರಿದರೆ ಏನಿಡ್ತೀರಿ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡು ಪಟ್ಟಿಗಳು

ರೈಲಿನಲ್ಲಿ ಕಿಟಕಿಯ ಪಕ್ಕ ಎದುರುಬದುರು ಕುಳಿತೆವು. ಗುಬ್ಬಿ ದಾಟುವವರೆಗೆ ಮೌನ. ಆಮೇಲೆ ನಾನು ಚೀಲದಿಂದ ಒಂದು ಹಾಳೆ ತೆಗೆದೆ. ಅವನೂ ಜೇಬಿನಿಂದ ಒಂದು ಹಾಳೆ ತೆಗೆದ. ಇಬ್ಬರೂ ಗುಟ್ಟಾಗಿ ಒಂದೊಂದು ಪಟ್ಟಿ ಮಾಡಿದ್ದೆವು!

ನನ್ನ ಪಟ್ಟಿಯ ತಲೆಯ ಮೇಲೆ ಸುಮಾರು 30 ಸಾವಿರದ ಕೋರ್ ಐ7 ಪ್ರೊಸೆಸರ್ ಇತ್ತು. ‘ಐ5ಕ್ಕಿಂತ ಐ7 ದೊಡ್ಡದು, ಕಂಪ್ಯೂಟರಿನ ಮಿದುಳು ಚೆನ್ನಾಗಿದ್ದರೆ ಉಳಿದದ್ದು ಹೇಗೋ ನಡೆಯುತ್ತದೆ’ ಎಂಬುದು ನನ್ನ ತರ್ಕ. ಅವನ ಪಟ್ಟಿಯ ತಲೆಯ ಮೇಲೆ ಸುಮಾರು 39 ಸಾವಿರದ ಆರ್‌ಟಿಎಕ್ಸ್ 4060 ಟಿಐ ಗ್ರಾಫಿಕ್ಸ್ ಕಾರ್ಡ್. ಅದಕ್ಕೆ ಹಣ ಹೊಂದಿಸಲು ಅವನು ಮೆಮೊರಿಯನ್ನು 8 ಜಿಬಿಗೆ ಇಳಿಸಿದ್ದ, ಎಸ್‌ಎಸ್‌ಡಿಯನ್ನು 256 ಜಿಬಿಗೆ ಇಳಿಸಿದ್ದ, ಪವರ್ ಸಪ್ಲೈಗೆ 1,200 ರೂಪಾಯಿ ಬರೆದಿದ್ದ. ಮಾನಿಟರ್ ಪಟ್ಟಿಯಲ್ಲೇ ಇರಲಿಲ್ಲ; ಸೋದರಮಾವ ಕೊಟ್ಟ ಹಳೆಯದು ಇದೆಯಲ್ಲ ಎಂದ.

‘ನಿನ್ನದು ದೊಡ್ಡ ತಲೆ, ಸಣಕಲು ಕಾಲು’ ಎಂದೆ.

‘ನಿಮ್ಮದೂ ಅಷ್ಟೇ ಅಪ್ಪಾ, ತಲೆ ಮಾತ್ರ ಬೇರೆ’ ಎಂದ.

ಎಷ್ಟೋ ವಾರಗಳ ಮೇಲೆ ಕೇಳಿದ ಮಾತು. ಅದು ನನ್ನನ್ನು ಕುಟುಕಿದ್ದೂ ನಿಜ, ಒಳಗೊಳಗೆ ಸಂತೋಷವಾದದ್ದೂ ನಿಜ. ತುಮಕೂರು ದಾಟಿ ಯಶವಂತಪುರ ಬರುವವರೆಗೆ ನಾವು ವಾದ ಮಾಡುತ್ತಲೇ ಇದ್ದೆವು.

ಅಂದಿನ ಬೀದಿ, ಇಂದಿನ ಬೀದಿ

ಮೆಜೆಸ್ಟಿಕ್ ರೈಲು ನಿಲ್ದಾಣದಲ್ಲಿ ಇಳಿದು ಮೆಟ್ರೊದ ಹಸಿರು ಮಾರ್ಗ ಹಿಡಿದರೆ ಚಿಕ್ಕಪೇಟೆ, ಅದರಾಚೆಗಿನದೇ ಕೆ.ಆರ್. ಮಾರುಕಟ್ಟೆ. ಹೂವಿನ ಬುಟ್ಟಿಗಳು, ತಳ್ಳುಗಾಡಿಗಳು, ಬಸ್ಸುಗಳ ಆರ್ಭಟ ದಾಟಿ ಎಸ್.ಪಿ. ರಸ್ತೆ ತಲುಪಿದಾಗ ಅಂಗಡಿಗಳ ಷಟರ್ ಆಗತಾನೇ ಮೇಲೇರುತ್ತಿದ್ದವು.

ನಾನು ಈ ಬೀದಿಗೆ ಮೊದಲು ಬಂದದ್ದು 1992ರಲ್ಲಿ, ಬಿ.ಇಡಿ. ಓದುತ್ತಿದ್ದಾಗ. ವಸ್ತುಪ್ರದರ್ಶನಕ್ಕೆಂದು ಟ್ರಾನ್ಸಿಸ್ಟರ್ ರೇಡಿಯೊ ಕಟ್ಟಬೇಕಿತ್ತು. ಪುಟ್ಟ ಗೂಡಂಗಡಿಯಂಥ ಕೋಣೆಗಳಲ್ಲಿ ಸಾಲು ಸಾಲು ಡಬ್ಬಿಗಳು. ಬಣ್ಣದ ಪಟ್ಟೆಗಳ ರೆಸಿಸ್ಟರ್‌ಗಳನ್ನು ಕಡಲೆಕಾಯಿಯಂತೆ ಎಣಿಸಿ ಕಾಗದದ ಪೊಟ್ಟಣ ಕಟ್ಟಿಕೊಡುತ್ತಿದ್ದರು. ಎಲ್ಲ ಕೊಂಡಾದ ಮೇಲೆ ಕೈಯಲ್ಲಿ ಬಸ್ ಚಾರ್ಜಿಗೆ ಬಿಟ್ಟು ಹೆಚ್ಚೇನೂ ಉಳಿದಿರಲಿಲ್ಲ. ಉಳಿದಿದ್ದ ಒಂದೇ ವಸ್ತು, ಮನೆಯ ಕರೆಂಟನ್ನು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್. ಒಂದಂಗಡಿಯಲ್ಲಿ ಒಳ್ಳೆಯದಿತ್ತು. ಇನ್ನೊಂದರಲ್ಲಿ ಅರ್ಧ ಬೆಲೆಯದಿತ್ತು. ನಾನು ಅರ್ಧ ಬೆಲೆಯದನ್ನು ಕೊಂಡೆ. ಪ್ರದರ್ಶನದ ದಿನ ತೀರ್ಪುಗಾರರು ನನ್ನ ಮೇಜಿನ ಬಳಿ ಬರುವ ಹೊತ್ತಿಗೆ ಸುಟ್ಟ ವಾರ್ನಿಶ್ ವಾಸನೆ ಎದ್ದಿತು. ರೇಡಿಯೊ ಬೆಂಗಳೂರು ಆಕಾಶವಾಣಿಯ ಬದಲು ಹೊಗೆಯನ್ನು ಬಿತ್ತರಿಸಿತು. ಆ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ.

ಈಗಿನ ಎಸ್.ಪಿ. ರಸ್ತೆಯಲ್ಲಿ ಆ ಬಿಡಿಭಾಗಗಳ ಅಂಗಡಿಗಳು ಪೂರ್ತಿ ಮಾಯವಾಗಿಲ್ಲ. ಆದರೆ ಮುಂಭಾಗವನ್ನು ಲ್ಯಾಪ್‌ಟಾಪು, ಸಿಸಿಟಿವಿ, ಕೇಬಲ್ಲು, ಪ್ರಿಂಟರುಗಳು ಆವರಿಸಿವೆ. ಫುಟ್‌ಪಾತಿನಲ್ಲಿ ನಿಂತ ಹುಡುಗರು ‘ಏನ್ ಬೇಕು ಸಾರ್? ಲ್ಯಾಪ್‌ಟಾಪಾ? ಸರ್ವೀಸಾ?’ ಎಂದು ತೋಳು ಹಿಡಿಯುವಷ್ಟು ಹತ್ತಿರ ಬರುತ್ತಾರೆ. ತಲೆಯ ಮೇಲೆ ಜೇಡನ ಬಲೆಯಂತೆ ವಯರುಗಳು. ಆಟೋದೊಳಗೆ ಮೂರಾಳೆತ್ತರದ ರಟ್ಟಿನ ಪೆಟ್ಟಿಗೆಗಳು. ಇಕ್ಕಟ್ಟಿನ ಮೆಟ್ಟಿಲು ಹತ್ತಿದರೆ ಮೇಲೂ ಅಂಗಡಿ, ಅದರ ಮೇಲೂ ಅಂಗಡಿ. ಪಕ್ಕದಲ್ಲೇ ಚಿನ್ನದ ಕೆಲಸಕ್ಕೆ ಹೆಸರಾದ ನಗರ್ತಪೇಟೆ, ಸ್ವಲ್ಪ ದೂರದಲ್ಲಿ ಬೆಂಗಳೂರು ಕರಗ ಹೊರಡುವ ಧರ್ಮರಾಯಸ್ವಾಮಿ ದೇವಾಲಯ. ಹಳೆಯ ಪೇಟೆಗಳಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಆ ಲೆಕ್ಕದಲ್ಲಿ ಎಲೆಕ್ಟ್ರಾನಿಕ್ಸ್ ಕಸುಬಿನವರಿಗೆ ಇದೇ ಪೇಟೆ.

‘ಮಾನಿಟರ್ ಯಾವುದು?’

ಮೂರು ಅಂಗಡಿಗಳಲ್ಲಿ ವಿಚಾರಿಸಿ, ನಾಲ್ಕನೆಯದಕ್ಕೆ ಮೆಟ್ಟಿಲು ಹತ್ತಿದೆವು. ಗಲ್ಲಾದಲ್ಲಿ ಕುಳಿತವರು ಅರವತ್ತು ದಾಟಿದ ಹಿರಿಯರು. ಮನೆಮಾತು ಮಾರ್ವಾಡಿಯಾದರೂ ಕನ್ನಡ ಅಪ್ಪಟ ಪೇಟೆಯದು. ನಮ್ಮ ಎರಡು ಪಟ್ಟಿಗಳನ್ನೂ ಕನ್ನಡಕ ಏರಿಸಿ ಓದಿದರು. ಬೆಲೆ ಹೇಳಲಿಲ್ಲ. ಮಗನನ್ನು ಒಂದೇ ಪ್ರಶ್ನೆ ಕೇಳಿದರು.

‘ಮಾನಿಟರ್ ಯಾವುದಪ್ಪಾ?’

‘ಮನೇಲಿ ಹಳೇದು ಇದೆ ಅಂಕಲ್. ಹದಿನೆಂಟೂವರೆ ಇಂಚು, ಅರವತ್ತು ಹರ್ಟ್ಜ್.’

‘ಹಾಗಾದ್ರೆ 39 ಸಾವಿರದ ಕಾರ್ಡು ಯಾರಿಗೆ ತೋರ್ಸೋಕೆ?’

ಹುಡುಗನ ಮುಖ ಕೆಂಪಾಯಿತು. ನಾನು ನಗುವಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು. ‘ನಿಮ್ಮ ಪಟ್ಟೀಲಿ ಆಟಾನೇ ಓಡಲ್ಲ ಮೇಷ್ಟ್ರೇ. ನೀವು ಆಫೀಸ್ ಕಂಪ್ಯೂಟರಿಗೆ ಚಿನ್ನದ ಕಿರೀಟ ಇಟ್ಟಿದ್ದೀರಿ.’

ಅಲ್ಲಿಂದ ನಮ್ಮ ಪಾಠ ಆರಂಭವಾಯಿತು. ವಿದ್ಯಾರ್ಥಿಗಳೂ ಪೋಷಕರೂ ಇದನ್ನು ಗಮನವಿಟ್ಟು ಓದಬೇಕೆಂದು ವಿನಂತಿ. ಆಟದ ಕಂಪ್ಯೂಟರಿನ ಆಯ್ಕೆ ಆರಂಭವಾಗಬೇಕಾದ್ದು ಪರದೆಯಿಂದ. ಪರದೆಯೆಂದರೆ ಚುಕ್ಕೆಗಳ ರಾಶಿ. ಆ ಹಳೆಯ ಮಾನಿಟರಿನಲ್ಲಿ 1366 ಅಡ್ಡ, 768 ಉದ್ದ, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕೆ. ಈಗ ಸಾಮಾನ್ಯವಾದ ಫುಲ್ ಎಚ್‌ಡಿ ಪರದೆಯಲ್ಲಿ 1920ನ್ನು 1080ರಿಂದ ಗುಣಿಸಿ: 20,73,600. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಯಂತ್ರ ಒಂದು ಸೆಕೆಂಡಿನಲ್ಲಿ 12 ಕೋಟಿಗೂ ಹೆಚ್ಚು ಚುಕ್ಕೆಗಳಿಗೆ ಬಣ್ಣ ತುಂಬಬೇಕು. 144 ಚಿತ್ರ ಬೇಕೆಂದರೆ ಸುಮಾರು 30 ಕೋಟಿ. 2560 ಗುಣಿಲೆ 1440ರ ಪರದೆಯಾದರೆ ಪ್ರತಿ ಚಿತ್ರಕ್ಕೂ ಫುಲ್ ಎಚ್‌ಡಿಯ ಒಂದೂಮುಕ್ಕಾಲು ಪಟ್ಟಿಗಿಂತ ತುಸು ಹೆಚ್ಚು ಕೆಲಸ. ಪರದೆ ಯಾವುದೆಂದು ಗೊತ್ತಾಗದೆ ಕಾರ್ಡು ಆರಿಸುವುದು ಹೊಲದ ಅಳತೆ ತಿಳಿಯದೆ ಬಿತ್ತನೆ ಬೀಜ ಕೊಂಡಂತೆ.

ಬಣ್ಣ ತುಂಬುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಪ್ರೊಸೆಸರ್ ಮುಖ್ಯೋಪಾಧ್ಯಾಯರಿದ್ದಂತೆ, ಆಟದಲ್ಲಿ ಯಾರು ಎಲ್ಲಿದ್ದಾರೆ, ಮುಂದೇನಾಗಬೇಕು ಎಂದು ಲೆಕ್ಕ ಹಾಕಿ ಅಪ್ಪಣೆ ಕೊಡುತ್ತದೆ. ನಾವು ಕಡೆಗೆ ಕೊಂಡ ರೈಜೆನ್ 5 5600ರಲ್ಲಿ ಅಂಥ ಚುರುಕು ಲೆಕ್ಕಿಗರು ಆರು ಮಂದಿ, ಅಂದರೆ ಆರು ಕೋರ್. ಗ್ರಾಫಿಕ್ಸ್ ಕಾರ್ಡು ಇಡೀ ಶಾಲೆಯ ಮಕ್ಕಳಿದ್ದಂತೆ. ಒಬ್ಬೊಬ್ಬರ ಕೆಲಸ ಸಣ್ಣದು, ಆದರೆ ಎಲ್ಲರೂ ಏಕಕಾಲಕ್ಕೆ ಮಾಡುತ್ತಾರೆ. ಆರ್‌ಎಕ್ಸ್ 6600 ಕಾರ್ಡಿನಲ್ಲಿ ಇಂಥ ಘಟಕಗಳು 1,792. ಮುಖ್ಯೋಪಾಧ್ಯಾಯರು ಎಷ್ಟೇ ಬುದ್ಧಿವಂತರಾಗಲಿ, ಮಕ್ಕಳೇ ಇಲ್ಲದ ಶಾಲೆಯಲ್ಲಿ ಅವರೇನು ಮಾಡಿಯಾರು? ಅದು ನನ್ನ ಪಟ್ಟಿಯ ದೋಷ. ಮಕ್ಕಳೆಲ್ಲ ಸಿದ್ಧರಿದ್ದು ಕೂರಲು ಬೆಂಚಿಲ್ಲ, ಬರೆಯಲು ಹಲಗೆಯಿಲ್ಲ ಎಂದರೆ? ಅದು ಮಗನ ಪಟ್ಟಿಯ ದೋಷ.

ತೆಂಗು ಬೆಳೆಯುವ ನಮ್ಮ ಊರಿನವರಿಗೆ ಈ ತತ್ವ ಹೊಸದಲ್ಲ. ಸಾರಜನಕ ಎಷ್ಟು ಸುರಿದರೂ ಪೊಟ್ಯಾಷ್ ಕೊರತೆಯಿದ್ದರೆ ಇಳುವರಿ ಏರುವುದಿಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 19ನೇ ಶತಮಾನದಲ್ಲಿ ಜನಪ್ರಿಯಗೊಳಿಸಿದ ನಿಯಮವಿದು: ಬೆಳೆಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಎಲ್ಲಕ್ಕಿಂತ ಕೊರತೆಯಲ್ಲಿರುವುದು. ನಾನು ಇದನ್ನು ಹೇಳಿದಾಗ ಅಂಗಡಿಯ ಹಿರಿಯರು ‘ಅದೇ ಸಾರ್, ನಮ್ಮ ಬೀದೀಲಿ ಅದಕ್ಕೆ ಬಾಟಲ್‌ನೆಕ್ ಅಂತಾರೆ’ ಎಂದರು.

ಮಗ ಹೊಸ ಹಾಳೆ ತೆಗೆದುಕೊಂಡು ಕೆಳಗಿನಿಂದ ಬರೆಯತೊಡಗಿದ. ಮೊದಲು 24 ಇಂಚಿನ ಫುಲ್ ಎಚ್‌ಡಿ ಮಾನಿಟರ್. ಅದಕ್ಕೆ ಸಾಕಾಗುವ 8 ಜಿಬಿಯ ಆರ್‌ಎಕ್ಸ್ 6600 ಕಾರ್ಡ್. ಅದಕ್ಕೆ ಒಪ್ಪುವ ಪ್ರೊಸೆಸರ್. ಇಲ್ಲಿ ಒಂದು ಚರ್ಚೆ ನಡೆಯಿತು. ರೈಜೆನ್ 5600 ಕೂರುವುದು ಎಎಂ4 ಎಂಬ ಹಳೆಯ ಸಾಕೆಟ್ಟಿನಲ್ಲಿ. 2022ರಲ್ಲಿ ಬಂದ ಎಎಂ5 ಹೊಸದು. ಹೊಸದಕ್ಕೆ ಡಿಡಿಆರ್5 ಮೆಮೊರಿಯೇ ಬೇಕು, ಹಳೆಯದಕ್ಕೆ ಡಿಡಿಆರ್4. ಒಂದು ಇನ್ನೊಂದರಲ್ಲಿ ಕೂರದಂತೆ ಕಚ್ಚನ್ನೇ ಬೇರೆ ಕಡೆ ಕೊರೆದಿರುತ್ತಾರೆ. ಹೊಸ ದಾರಿ ಹಿಡಿದರೆ ಮುಂದೆ ಪ್ರೊಸೆಸರ್ ಮಾತ್ರ ಬದಲಿಸಿಕೊಳ್ಳಬಹುದು, ಆದರೆ ಆ ದಿನ ಅದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಬೇಕಿತ್ತು. ಮಗ ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕುಳಿತು, ‘ಆ ಹತ್ತು ಸಾವಿರ ತಂದರೆ ಮಾನಿಟರ್ ಹೋಗತ್ತೆ. ಹಳೇದೇ ಸಾಕು’ ಎಂದ. ಅದು ಅವನ ನಿರ್ಧಾರ. ನಾನು ಬಾಯಿ ಹಾಕಲಿಲ್ಲ.

ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರ್

ನಾನು ಬಾಯಿ ಹಾಕಿದ್ದು ಪವರ್ ಸಪ್ಲೈ ವಿಷಯದಲ್ಲಿ. ಮೊದಲು ವಿಚಾರಿಸಿದ್ದ ಒಂದಂಗಡಿಯಲ್ಲಿ 1,200 ರೂಪಾಯಿಗೆ ‘450 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದ ಪೆಟ್ಟಿಗೆ ತೋರಿಸಿದ್ದರು. ನಮ್ಮೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಸದ್ದು ಕೇಳಿ ನೋಡುವಂತೆ, ನಾನು ಅದನ್ನು ಕೈಯಲ್ಲಿ ಎತ್ತಿ ತೂಗಿದ್ದೆ. ಹಗುರವಾಗಿತ್ತು. ಆಮೇಲೆ ಪಕ್ಕದ ಚೀಟಿ ಓದಿದೆ. ದಪ್ಪಕ್ಷರವನ್ನು ನಂಬಬೇಡಿ, ಸಣ್ಣಕ್ಷರ ಓದಿ. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಬೇಕಾದ್ದು 12 ವೋಲ್ಟಿನ ಸರಬರಾಜು. ಆ ಚೀಟಿಯಲ್ಲಿ 12 ವೋಲ್ಟಿನ ಎದುರು ಇದ್ದದ್ದು 16 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್: ಎಂಟನೇ ತರಗತಿಯ ಮಕ್ಕಳೂ ಮಾಡುವ ಲೆಕ್ಕ. ಬಂದದ್ದು 192.

ಈಗ ಮಗನಿಗೆ ಲೆಕ್ಕ ಹಾಕಲು ಹೇಳಿದೆ. ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್. 65 ವ್ಯಾಟ್ ಎಂದು ಬರೆದ ಪ್ರೊಸೆಸರ್ ಪೂರ್ತಿ ದುಡಿಯುವಾಗ ಇನ್ನೂ ಹತ್ತು ವ್ಯಾಟ್ ಹೆಚ್ಚೇ ಎಳೆಯುತ್ತದೆ. ಮದರ್‌ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಸೇರಿಸಿ ಐವತ್ತು. ಒಟ್ಟು 250ರಿಂದ 270. ಕಾರ್ಡು ಕ್ಷಣಮಾತ್ರ ಅದಕ್ಕಿಂತ ಹೆಚ್ಚು ಎಳೆಯುವುದೂ ಉಂಟು. 192 ಎಲ್ಲಿಗೆ ಸಾಕು? ಹಿರಿಯರು ತೆಗೆದಿಟ್ಟ 550 ವ್ಯಾಟಿನ ಬ್ರಾಂಜ್ ದರ್ಜೆಯ ಪೆಟ್ಟಿಗೆಯಲ್ಲಿ 12 ವೋಲ್ಟಿಗೆ 45 ಆಂಪಿಯರ್, ಅಂದರೆ 540 ವ್ಯಾಟ್. ಬ್ರಾಂಜ್ ಎಂದರೆ ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲನ್ನು ಯಂತ್ರಕ್ಕೆ ತಲುಪಿಸುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ ಎಂದರ್ಥ. ಬೆಲೆ 4,500.

‘ಅಪ್ಪಾ, ಇದರಿಂದ ಒಂದು ಫ್ರೇಮ್ ಕೂಡ ಜಾಸ್ತಿ ಬರಲ್ಲ’ ಎಂದು ಮಗ ಗೊಣಗಿದ.

ಆಗ ನಾನು ಅವನಿಗೆ 1992ರ ಕಥೆ ಹೇಳಿದೆ. ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾನು ಸೋತ ಕಥೆ ಅವನಿಗೆ ಹೊಸದು. ಅಪ್ಪ ಸೋಲುತ್ತಾನೆ ಎಂಬುದೇ ಹೊಸದಿರಬೇಕು. ಕೇಳಿ ಮುಗಿದ ಮೇಲೆ ಮಾತಾಡದೆ ಹಾಳೆಯಲ್ಲಿ 4,500 ಎಂದು ಬರೆದ.

ಬಿಲ್ಲು, ಬಾಕ್ಸು, ಸೆಕೆಂಡ್ ಹ್ಯಾಂಡು

ಈ ಬೀದಿಯಲ್ಲಿ ಆಸೆ ಹುಟ್ಟಿಸುವ ಮಾತುಗಳು ಎರಡು. ಒಂದು, ‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ.’ ಇದಕ್ಕೆ ಕಿವಿಗೊಡಬೇಡಿ. ಶೇಕಡ 18 ಜಿಎಸ್‌ಟಿ ಉಳಿಯಿತೆಂದು ಹಿಗ್ಗಿದವರಿಗೆ ಕಾರ್ಡು ಕೆಟ್ಟ ದಿನ ಕೈಯಲ್ಲಿ ಕಾಗದವಿರುವುದಿಲ್ಲ. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತದೆ. ಬಿಲ್ಲಿನಲ್ಲಿ ಪ್ರತಿಯೊಂದರ ಸೀರಿಯಲ್ ನಂಬರ್ ಬರೆಸಿ, ಬಾಕ್ಸಿನ ಮೇಲಿನದಕ್ಕೆ ತಾಳೆ ನೋಡಿ. ತೆರಿಗೆ ಕಟ್ಟುವುದು ಸರಿಯಾದ ನಡತೆ ಎಂಬುದು ಬೇರೆ. ಮಗನ ಎದುರು ಅದನ್ನು ತಪ್ಪಿಸುವುದು ಯಾವ ತಂದೆಗೂ ಶೋಭೆಯಲ್ಲ.

ಇನ್ನೊಂದು, ಸೆಕೆಂಡ್ ಹ್ಯಾಂಡ್ ಕಾರ್ಡು. ಈಥರ್ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಲು ಜನ ಗ್ರಾಫಿಕ್ಸ್ ಕಾರ್ಡುಗಳನ್ನು ಹಗಲಿರುಳು ದುಡಿಸುತ್ತಿದ್ದ ಕಾಲವೊಂದಿತ್ತು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ತನ್ನ ಪದ್ಧತಿ ಬದಲಿಸಿದ್ದರಿಂದ ಆ ದುಡಿಮೆ ನಿಂತಿತು. ದಣಿದ ಕಾರ್ಡುಗಳು ಪ್ರಪಂಚದಾದ್ಯಂತ ಮಾರುಕಟ್ಟೆಗೆ ಸುರಿದವು. ಹಳೆಯದೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಪಳಗಿದವರು ಪರೀಕ್ಷಿಸಿ ಕೊಳ್ಳಲಿ. ಮೊದಲ ಸಲ ಕಟ್ಟುವವರಿಗೆ ಆ ಸಾಹಸ ಬೇಡ.

ಎಲ್ಲ ಸೇರಿ ಆ ದಿನದ ಲೆಕ್ಕ ಹೀಗಿತ್ತು: ಪ್ರೊಸೆಸರ್ 11,500, ಬಿ550 ಮದರ್‌ಬೋರ್ಡ್ 9,500, 16 ಜಿಬಿ ಮೆಮೊರಿ 3,800, 1 ಟಿಬಿ ಎಸ್‌ಎಸ್‌ಡಿ 5,800, ಗ್ರಾಫಿಕ್ಸ್ ಕಾರ್ಡ್ 20,500, ಪವರ್ ಸಪ್ಲೈ 4,500, ಗಾಳಿಯಾಡುವ ಜಾಲರಿ ಮುಖದ ಕ್ಯಾಬಿನೆಟ್ 3,700. ಒಟ್ಟು 59,300. ಮಾನಿಟರ್ 10,500 ಸೇರಿ 69,800 ರೂಪಾಯಿ. ಕೀಬೋರ್ಡು, ಮೌಸು ಸೋದರಮಾವನ ಹಳೆಯವು. ಇವು 2024ರ ಬೆಲೆಗಳೆಂದು ನೆನಪಿಡಿ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿತು. ಆದ್ದರಿಂದ ರೂಪಾಯಿಗಿಂತ ಪಾಲನ್ನು ನೋಡಿ. ಪೆಟ್ಟಿಗೆಯ ಖರ್ಚಿನಲ್ಲಿ ಮೂರರಲ್ಲೊಂದು ಪಾಲು ಗ್ರಾಫಿಕ್ಸ್ ಕಾರ್ಡಿಗೆ, ಐದರಲ್ಲೊಂದು ಪಾಲು ಪ್ರೊಸೆಸರಿಗೆ.

ಚೀಟಿ ಹಣದಲ್ಲಿ ಉಳಿದ 200 ರೂಪಾಯಿಗೆ ಮಾರುಕಟ್ಟೆಯ ಬಳಿ ಊಟ ಮಾಡಿದೆವು. ಅಂಗಡಿಯವರು ತಾವೇ ಜೋಡಿಸಿಕೊಡುತ್ತೇವೆ ಎಂದರು. ಮಗ ಒಪ್ಪಲಿಲ್ಲ. ‘ಆಯ್ತಪ್ಪಾ. ಆನ್ ಆಗ್ಲಿಲ್ಲ ಅಂದ್ರೆ ಫೋನ್ ಮಾಡು, ಬೈಕೊಂಡು ಕೂರ್ಬೇಡ’ ಎಂದು ಹಿರಿಯರು ನಕ್ಕರು. ಸಂಜೆಯ ರೈಲಿನಲ್ಲಿ ಮಾನಿಟರನ್ನು ಮಗ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದ. ಎದುರಿನ ಅಜ್ಜಿ ‘ಟೀವಿನೇನಪ್ಪಾ?’ ಎಂದು ಕೇಳಿದರು. ‘ಹ್ಞೂ ಅಜ್ಜಿ’ ಎಂದ. ವಿವರಿಸಲು ಅವನಿಗೆ ಶಕ್ತಿಯಿರಲಿಲ್ಲ.

ಕತ್ತಲ ಪರದೆ

ಮರುದಿನ ನನ್ನ ಕೆಲಸ ಅರ್ತಿಂಗ್ ನೋಡುವುದು. ಮಲ್ಟಿಮೀಟರ್ ಹಿಡಿದು ಸಾಕೆಟ್ಟಿನ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಅಳೆದರೆ ಒಂದೆರಡು ವೋಲ್ಟ್ ಇರಬೇಕಾದಲ್ಲಿ ಇಪ್ಪತ್ತರ ಮೇಲಿತ್ತು. ಬೇಸಿಗೆಯಲ್ಲಿ ಹಿತ್ತಲಿನ ಅರ್ತ್ ಗುಂಡಿ ಒಣಗಿಹೋಗಿತ್ತು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಉಪ್ಪು, ಇದ್ದಿಲು ಹಾಕಿಸಿ ನೀರು ಹೊಯ್ದೆವು. ಸಾವಿರಗಟ್ಟಲೆ ಸುರಿದು ಯಂತ್ರ ತಂದವರು ಈ ಗುಂಡಿಯನ್ನು ಮರೆಯಬಾರದು.

ಸಂಜೆ ಹಾಲಿನ ಮೇಜಿನ ಮೇಲೆ ಜೋಡಣೆ ಶುರುವಾಯಿತು. ಮೈಯ ಸ್ಥಾಯೀ ವಿದ್ಯುತ್ತು ಇಳಿಯಲೆಂದು ಮೊದಲು ಕ್ಯಾಬಿನೆಟ್ಟಿನ ಲೋಹ ಮುಟ್ಟಿದ. ಪ್ರೊಸೆಸರಿನ ಮೂಲೆಯ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿದ, ಅದಾಗಿಯೇ ಕೂತಿತು. ಒತ್ತಬಾರದು. ಜೊತೆಗೆ ಬಂದ ಕೂಲರಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದ. 8 ಜಿಬಿಯ ಎರಡು ಮೆಮೊರಿ ಪಟ್ಟಿಗಳನ್ನು ಎರಡನೆಯ, ನಾಲ್ಕನೆಯ ಸೀಳಿನಲ್ಲಿ ‘ಟಕ್’ ಎನ್ನುವವರೆಗೆ ಒತ್ತಿದ. ಒಂದೇ 16 ಜಿಬಿ ಪಟ್ಟಿಗಿಂತ ಎರಡು 8 ಜಿಬಿ ಮೇಲು. ದತ್ತಾಂಶ ಎರಡು ಬಾಗಿಲಿನಿಂದ ಓಡಾಡುತ್ತದೆ. ನಾನು ಟಾರ್ಚ್ ಹಿಡಿಯುವ ಸಹಾಯಕ. ಕಡೆಯಲ್ಲಿ, ನಾನೂ ಏನಾದರೂ ಮಾಡೋಣವೆಂದು ಮಾನಿಟರಿನ ಎಚ್‌ಡಿಎಂಐ ಕೇಬಲ್ಲನ್ನು ಹಿಂಭಾಗದಲ್ಲಿ ಸಿಕ್ಕಿಸಿದೆ.

ರಾತ್ರಿ ಹತ್ತಕ್ಕೆ ಸ್ವಿಚ್ ಒತ್ತಿದ. ಫ್ಯಾನುಗಳು ತಿರುಗಿದವು. ಪರದೆ ಕಪ್ಪಾಗಿಯೇ ಉಳಿಯಿತು.

ಆರಿಸಿ ಮತ್ತೆ ಹಾಕಿದ. ಕಪ್ಪು. ಮೆಮೊರಿ ತೆಗೆದು ಮತ್ತೆ ಕೂರಿಸಿದ. ಕಪ್ಪು. ಹನ್ನೊಂದಾಯಿತು. ನನ್ನಾಕೆ ಬಾಗಿಲಲ್ಲಿ ಬಂದು ನಿಂತು, ಮಾತಾಡದೆ ಒಳಗೆ ಹೋದಳು. 70 ಸಾವಿರ ರೂಪಾಯಿ ಮೇಜಿನ ಮೇಲೆ ಗಾಳಿ ಬೀಸುತ್ತ ಕುಳಿತಿತ್ತು. ‘ಅಂಗಡಿಯಲ್ಲೇ ಜೋಡಿಸಿಕೋ ಎಂದು ಹೇಳಿರಲಿಲ್ಲವೇ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಫಲಿತಾಂಶದ ದಿನ ಎತ್ತಿಟ್ಟ ತಟ್ಟೆ ನೆನಪಾಗಿ ನುಂಗಿಕೊಂಡೆ. ‘ಒಂದೊಂದೇ ನೋಡೋಣ. ಏನು ಕೆಲಸ ಮಾಡ್ತಿದೆ ಅನ್ನೋದನ್ನ ಮೊದಲು ಬರಿ’ ಎಂದೆ.

ಅವನು ಬರೆದ. ವಿದ್ಯುತ್ ಬರುತ್ತಿದೆ. ಫ್ಯಾನು ತಿರುಗುತ್ತಿದೆ. ಮದರ್‌ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿವೆ: ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್, ಬೂಟ್. ಯಾವುದು ಸರಿಯಿಲ್ಲವೋ ಆ ದೀಪ ಉರಿಯುತ್ತ ನಿಲ್ಲುತ್ತದೆ. ಉರಿಯುತ್ತಿದ್ದದ್ದು ಬೂಟ್ ದೀಪವೊಂದೇ. ಅವನು ಅದನ್ನೇ ನೋಡುತ್ತ ನಿಂತ.

‘ಅಪ್ಪಾ, ಎಸ್‌ಎಸ್‌ಡಿ ಖಾಲಿ ಇದೆ, ಬೂಟ್ ದೀಪ ಉರೀಲೇಬೇಕು. ಉಳಿದ ಮೂರೂ ಪಾಸ್ ಆಗಿವೆ. ಅಂದರೆ ಯಂತ್ರ ಬದುಕಿದೆ. ನಮಗೆ ಕಾಣ್ತಿಲ್ಲ ಅಷ್ಟೇ.’ ಹಿಂದೆ ಹೋಗಿ ಬಗ್ಗಿ ನೋಡಿದ. ‘ಕೇಬಲ್ ಎಲ್ಲಿಗೆ ಹಾಕಿದ್ದೀರಿ?’

ನಾನು ಹಾಕಿದ್ದು ಮೇಲಿನ ಮದರ್‌ಬೋರ್ಡಿನ ಕಿಂಡಿಗೆ. ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿ ಅಲ್ಲಿಗೇ ಹಾಕುವುದು. ಆದರೆ ರೈಜೆನ್ 5600ರೊಳಗೆ ಚಿತ್ರ ಮೂಡಿಸುವ ಭಾಗವೇ ಇಲ್ಲ. ಚಿತ್ರ ಹೊರಡುವುದು ಕೆಳಗಿನ ಗ್ರಾಫಿಕ್ಸ್ ಕಾರ್ಡಿನ ಕಿಂಡಿಯಿಂದ ಮಾತ್ರ. ಒಂದು ಗಂಟೆಯ ಸಂಕಟಕ್ಕೆ ಕಾರಣ ಮೇಷ್ಟ್ರ ಕೈ.

ಅವನು ಕೇಬಲ್ ಕಿತ್ತು ಕೆಳಗೆ ಸಿಕ್ಕಿಸಿದ. ಪರದೆ ಬೆಳಗಿತು. ಅವನು ನನ್ನನ್ನು ಬೈಯಬಹುದಿತ್ತು, ಕನಿಷ್ಠ ನಗಬಹುದಿತ್ತು. ‘ಇದು ಎಲ್ಲರಿಗೂ ಆಗತ್ತೆ ಅಪ್ಪಾ’ ಎಂದ. ಫಲಿತಾಂಶ ಬಂದ ದಿನ ನಾನು ಅವನಿಗೆ ಹೇಳಬೇಕಾಗಿದ್ದ ಮಾತದು. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು, ಅವತ್ತಿನ ನನ್ನ ಮಾತುಗಳಿಗೆ ಕ್ಷಮೆ ಕೇಳಿದೆ. ಅವನು ತಲೆ ತಗ್ಗಿಸಿ ಸ್ಕ್ರೂ ಹೆಕ್ಕುತ್ತಿದ್ದ. ‘ಬಿಡಿ ಅಪ್ಪಾ’ ಎಂದ.

ಆಟದ ಬಗ್ಗೆ ಪೋಷಕರಿಗೆ ಒಂದು ಮಾತು. ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಎಂದು ಒಪ್ಪಂದವಾಯಿತು. ಮಾನಿಟರೂ ಸೇರಿ 300 ವ್ಯಾಟಿನಂತೆ ಎರಡು ಗಂಟೆ, ಮೂವತ್ತು ದಿನಕ್ಕೆ 18 ಯೂನಿಟ್. ಆ ಲೆಕ್ಕ ಬರೆಯುವುದೂ ಅವನದೇ ಕೆಲಸ. ಒಪ್ಪಂದ ಮುರಿದ ದಿನಗಳೂ ಇವೆ, ಸುಳ್ಳು ಹೇಳುವುದಿಲ್ಲ. ಆದರೆ ಯಂತ್ರ ಹಾಲಿನಲ್ಲೇ ಇದೆ, ಮುಚ್ಚಿದ ಕೋಣೆಯಲ್ಲಿಲ್ಲ. ತಾನೇ ಆರಿಸಿ, ತಾನೇ ಕಟ್ಟಿದ ವಸ್ತುವಿನ ಬಗ್ಗೆ ಹುಡುಗರಿಗೆ ಬೇರೆಯೇ ಒಂದು ಜವಾಬ್ದಾರಿ ಬರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಈಗ ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. ತಾರಸಿ ಆ ಮಳೆಗಾಲ ಸೋರಿತು. ಬಕೆಟ್ ಇಟ್ಟೆವು.

ಹೋಗಬಯಸುವವರಿಗೆ: ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ವಾರದ ನಡುವೆ ಬೆಳಿಗ್ಗೆ ಹೋಗಿ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಕಾಲ್ನಡಿಗೆಯ ದೂರ. ಕಾರು ಒಯ್ಯಬೇಡಿ, ನಿಲ್ಲಿಸಲು ಜಾಗವಿಲ್ಲ. ಪಟ್ಟಿಯನ್ನು ಮನೆಯಲ್ಲೇ ಮಾಡಿ, ಮೂರಂಗಡಿಯಲ್ಲಾದರೂ ಬೆಲೆ ಕೇಳಿ, ವಿಂಡೋಸ್ ಲೈಸೆನ್ಸಿಗೆ ಹಣ ಬೇರೆ ತೆಗೆದಿಡಿ. ಬಾಕ್ಸುಗಳನ್ನೂ ಬಿಲ್ಲನ್ನೂ ಮೂರು ವರ್ಷ ಜೋಪಾನ ಮಾಡಿ. ಪೆನ್ನು, ಹಾಳೆ ಮಕ್ಕಳ ಕೈಯಲ್ಲಿರಲಿ.